ಬಲಕ್ಕೆ ಹೌದು, ಎಡಕ್ಕೆ ಬೇಡ

ಮಾತು ಬಾರದ ಮಕ್ಕಳಿಗೆ ಕಲಿಸಲು ಈಗ ಪದವಿ ಇದೆ, ಯಂತ್ರಗಳಿವೆ, ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಕೋಣೆಗಳಿವೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಒಮ್ಮೊಮ್ಮೆ ನನ್ನ ಮನೆಗೆ ಬಂದು, "ನಿಮ್ಮ ಕಾಲದಾಗ ಏನೇನ್ ಇತ್ತರಿ ಅಕ್ಕೋರ?" ಎಂದು ಕೇಳುತ್ತಾರೆ. ಅಂಗೈಯಗಲದ ಒಂದು ಕನ್ನಡಿ, ಒಂದು ನವಿಲುಗರಿ, ಇಷ್ಟೇ ಇತ್ತು ಎಂದರೆ ನಗುತ್ತಾರೆ. ನಗಲಿ. ನಿವೃತ್ತಳಾಗಿ ಕೂತವಳಿಗೆ ನಗುವವರು ಬಂದರೂ ಸಂತೋಷವೇ. ಆದರೆ ಮೊನ್ನೆ ಅವರಲ್ಲೊಬ್ಬಳು ನಾನು ಹೇಳಿದ ಈರಣ್ಣನ ಕಥೆ ಅರ್ಧ ಕೇಳಿ, "ಕಡೀಕೂ ಆ ಹುಡುಗಗ ಮಾತ ಬರಲಿಲ್ಲಂದ್ರ ನೀವು ಸೋತಂಗ ಅಲ್ಲೇನ್ರಿ?" ಎಂದುಬಿಟ್ಟಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿಂದ ಹೇಳಿದರೆ ಕೆಡುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಶಿಗ್ಗಾಂವಿಯವಳು. ತಂದೆ ಅಲ್ಲಿಯ ಕನ್ನಡ ಶಾಲೆಯ ಮಾಸ್ತರರು. ನನ್ನ ತಮ್ಮ ಹುಟ್ಟು ಕಿವುಡ. ಅವನಿಗೆ ಮಾತು ಬರಲಿ ಎಂದು ಅವ್ವ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು. ಗಿಳಿ ಕಚ್ಚಿದ ಹಣ್ಣು ತಿಂದರೆ ಮಾತು ಬರುತ್ತದೆ ಎಂದು ಯಾರೋ ಹೇಳಿದ ಮೇಲೆ ಓಣಿಯ ಹುಡುಗರಿಗೆಲ್ಲ ಪೇರಲ ಹಣ್ಣು ತರುವ ಕೆಲಸ ಹತ್ತಿತು. ಗಿಳಿ ಕಚ್ಚಿದ್ದು ಸಿಗದಿದ್ದರೆ ಆ ಕಳ್ಳರು ತಾವೇ ಕಚ್ಚಿ ತಂದು ಕೊಡುತ್ತಿದ್ದರು. ತಮ್ಮನಿಗೆ ಮಾತು ಬರಲಿಲ್ಲ, ಪೇರಲ ಹಣ್ಣಿನ ರುಚಿ ಮಾತ್ರ ಚೆನ್ನಾಗಿ ಹತ್ತಿತು.

ಮದುವೆಯಾದ ಸ್ವಲ್ಪ ದಿನಕ್ಕೇ ನನ್ನ ಗಂಡ ತೀರಿಕೊಂಡರು. ತಂದೆ ನನ್ನನ್ನು ಮೂಲೆಯಲ್ಲಿ ಕೂಡಿಸದೆ ಧಾರವಾಡಕ್ಕೆ ಕಳಿಸಿ ಮಾಸ್ತರಿಕೆಯ ತರಬೇತಿ ಕೊಡಿಸಿದರು. ನೌಕರಿ ಸಿಕ್ಕಿತು. ತಮ್ಮನ ಸಲುವಾಗಿ ನಾನೇ ಅರ್ಜಿ ಹಾಕಿ, ಮೇಲಿನವರ ಕಾಲು ಕಟ್ಟಿ, ಮುಂಬಯಿಯ ಒಂದು ಮೂಕರ ಶಾಲೆಗೆ ಹೋಗಿ ಕಲಿತು ಬಂದೆ. ಅಲ್ಲಿ ಕಲಿಸಿದ್ದು ಇಷ್ಟು: ಮಗುವಿನ ಅಂಗೈಯನ್ನು ನಮ್ಮ ಗಂಟಲಿಗೆ ಹಚ್ಚಿ ಸ್ವರದ ನಡುಕ ತಿಳಿಸಬೇಕು, ಬಾಯ ಮುಂದೆ ಗರಿ ಹಿಡಿದು ಉಸಿರು ತೋರಿಸಬೇಕು, ಕನ್ನಡಿಯಲ್ಲಿ ತುಟಿ ನೋಡಿಸಬೇಕು. ಕಿವುಡ ಮಕ್ಕಳಿಗೆ ಅದು ಒಳ್ಳೆಯ ವಿದ್ಯೆ. ನಮ್ಮ ಸೀಮೆಯಲ್ಲಿ ಇಂಥ ಶಾಲೆ ಇರಲಿಲ್ಲವಾದ್ದರಿಂದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಇದನ್ನು ಮಾಡುತ್ತಿದ್ದೆ.

ಶಿಗ್ಗಾಂವಿಯಲ್ಲಿ ಇದ್ದಾಗ ಸವಣೂರಿನ ವೀಳ್ಯದೆಲೆ ವ್ಯಾಪಾರದ ತಾಯಿಯೊಬ್ಬಳು ಸಂತೆಗೆ ಬಂದಾಗಲೆಲ್ಲ ಕಿವುಡ ಮಗಳನ್ನು ನನ್ನ ಬಳಿ ಬಿಟ್ಟು ಹೋಗುತ್ತಿದ್ದಳು. ಹುಡುಗಿ ಚೂಟಿ. ಬಹಳ ಕಷ್ಟಪಟ್ಟು ಅವಳ ಬಾಯಿಂದ "ನೀರು" ಅನ್ನಿಸಿದೆ. ಹೆಮ್ಮೆಯಿಂದ ತಾಯಿಗೆ ತೋರಿಸಿದರೆ ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕು, "ಚಲೋ ಆತ್ರಿ ಅಕ್ಕೋರ. ಆದ್ರ ನಮ್ಮ ಮನ್ಯಾಗ ಎಲ್ಲಾರೂ ಪಾನಿ ಅಂತೇವಲ್ರಿ" ಎಂದಳು. ಮನೆಯಲ್ಲಿ ಎಲ್ಲರ ತುಟಿ ಒಂದು ತರಹ ಆಡುವಾಗ ನಾನು ಇನ್ನೊಂದು ಕಲಿಸಿದರೆ ಮಗು ಏನು ಮಾಡಬೇಕು? ಮತ್ತೆ ಮೊದಲಿನಿಂದ ಸುರು ಮಾಡಿದೆವು. ಯಾವ ಮಗುವಿಗೇ ಆಗಲಿ, ಅದರ ಮನೆಯಲ್ಲಿ ಏನಿದೆ ಎಂದು ನೋಡದೆ ಪಾಠ ಕಟ್ಟಬೇಡಿ.

ಆಮೇಲೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿಯ ಹೆಡ್ ಮಾಸ್ತರರು ತೊದಲುವ ಹುಡುಗರ ನಾಲಿಗೆ ಕೆಳಗೆ ಹರಳು ಇಡಿಸಿ ಪಾಠ ಓದಿಸುತ್ತಿದ್ದರು, ತಡವರಿಸಿದರೆ ಬೆತ್ತ. "ಹರಳು ನುಂಗಿದ್ರ ಏನ್ ಮಾಡೂದ್ರಿ?" ಎಂದು ನಾನು ಕೇಳಿದ್ದಕ್ಕೆ, "ನೀವು ಹೆಣ್ಣಮಕ್ಕಳ ಶಾಲಿ ನೋಡ್ಕೋರಿ" ಎಂದರು. ಹುಡುಗನೊಬ್ಬ ಹರಳು ನುಂಗಿಯೇಬಿಟ್ಟ ಮೇಲೆ ಆ ಪದ್ಧತಿ ತಾನಾಗಿಯೇ ನಿಂತಿತು. ಅದೇ ಹುಡುಗ ಭಜನೆಯಲ್ಲಿ ಒಂದಕ್ಷರ ತೊದಲದೆ ಹಾಡುತ್ತಿದ್ದ. ಅಲ್ಲಿ ಯಾರೂ ಅವನ ಬಾಯಿಗೆ ಬಾಯಿ ಹಾಕುತ್ತಿರಲಿಲ್ಲ, ಅಷ್ಟೇ ಔಷಧ.

ಎರಡನೆಯ ಮಹಾಯುದ್ಧ ಸುರುವಾದ ಮೇಲೆ ಹಿರೇಕೆರೂರಿಗೆ ಬಂದೆ. ದಸರೆ ಕಳೆದಿತ್ತು. ಒಂದು ಮಧ್ಯಾಹ್ನ ಶಾಲೆಯ ಮುಂದೆ ಚಕ್ಕಡಿ ನಿಂತಿತು. ಮೊದಲು ಇಳಿದವಳು ಎತ್ತರದ ಮುದುಕಿ, ಹಣೆ ತುಂಬ ವಿಭೂತಿ. ಚಿಕ್ಕೇರೂರಿನ ಹತ್ತಿರದ ಒಂದು ಹಳ್ಳಿಯ ಗೌಡರ ಮನೆಯ ಯಜಮಾನಿ, ಹೆಸರು ಬಾಳವ್ವ. ಅವಳ ಹಿಂದೆ ಸೊಸೆ ಗಂಗವ್ವ, ಅಬಲೂರಿನ ಮಗಳು. ಗಂಗವ್ವನ ತೋಳಿನಲ್ಲಿ ಏಳು ತುಂಬಿದ ಮಗ ಈರಣ್ಣ. ಕೈಕಾಲು ಸೆಟೆದುಕೊಂಡಿದ್ದವು, ಕತ್ತು ನಿಲ್ಲುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ನವಿಲುಗರಿಯನ್ನು ಬಿಟ್ಟು ಅಲುಗಲಿಲ್ಲ.

"ಮಾತು ಕಲಸೋ ಅಕ್ಕೋರು ನೀವ ಏನ್ರಿ?" ಎಂದಳು ಬಾಳವ್ವ. "ಇವ ನನ್ನ ಮೊಮ್ಮಗ. ಕೈಕಾಲು ನೆಟ್ಟಗಿಲ್ಲ, ಹೋಗ್ಲಿ. ಮನ್ಯಾಗ ಆಳು ಅದಾರ, ಎತ್ತಿಕೊಂಡು ತಿರಗ್ತಾರ. ಆದ್ರ ಬಾಯಿ ಬೇಕಲ್ರಿ? ಬಾಯಿಲ್ಲದಾವ ನಾಳೆ ಗೌಡಕಿ ಹೆಂಗ ಮಾಡ್ಯಾನು? ಯುಗಾದಿ ಮಟಾ ನೋಡತೇನಿ. 'ಅವ್ವಾ' ಅಂತ ಒಂದ ಮಾತು ಅನ್ಲಿ, ಸಾಕು. ಇಲ್ಲಂದ್ರ ಮಗಗ ರಟ್ಟೀಹಳ್ಳಿ ಕಡೆ ಹೆಣ್ಣು ನೋಡೇನಿ. ಈಕಿ ಮಗನ್ನ ಕರಕೊಂಡು ತವರಿಗೆ ಹೋಗ್ಲಿ."

ಇದನ್ನೆಲ್ಲ ಸೊಸೆಯ ಎದುರಿಗೇ ಹೇಳಿದಳು. ಗಂಗವ್ವ ತಲೆ ತಗ್ಗಿಸಿ ಮಗನ ಗಲ್ಲ ಒರೆಸುತ್ತಿದ್ದಳು. ನನಗೆ ಮೈ ಉರಿಯಿತು. "ಮಾತು ಅಂಗಡ್ಯಾಗ ತೂಕ ಮಾಡಿ ಕೊಡೂದಲ್ಲರೀ, ಯುಗಾದಿ ಒಳಗ ಕಟ್ಟಿ ಕೊಡಾಕ" ಎಂದೆ.

"ಯವ್ವಾ, ಬಾಯಿ ಭಾಳ ಜೋರೈತಿ ನಿಮ್ಮದು" ಎಂದು ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದರಾಗ ಒಂದೀಟು ನಮ್ಮ ಹುಡುಗಗ ಕೊಡ್ರಿ, ನಿಮಗೇನೂ ಕಡಿಮಿ ಬೀಳಂಗಿಲ್ಲ." ನನ್ನನ್ನು ಮನೆಗೆ ಕರೆಸಿಕೊಳ್ಳಲು ಪ್ರತಿ ರವಿವಾರ ಚಕ್ಕಡಿ ಕಳಿಸುವುದಾಗಿ ಹೇಳಿ ಹೊರಟಳು.

ಮೊದಲ ಕೆಲವು ರವಿವಾರ ಮುಂಬಯಿಯ ವಿದ್ಯೆಯನ್ನೇ ಪ್ರಯೋಗಿಸಿದೆ. ಕನ್ನಡಿ ಹಿಡಿದೆ, ಗರಿ ಹಿಡಿದೆ. ಈರಣ್ಣನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ "ಅವ್ವಾ ಅನ್ನು" ಎಂದ ಕೂಡಲೇ ಪಾಪ, ಅನ್ನಬೇಕೆಂಬ ಹಟಕ್ಕೇ ಅವನ ಮೈಯೆಲ್ಲ ಬಿಲ್ಲಿನಂತೆ ಬಿಗಿದು, ಬಾಯಿ ತೆರೆದದ್ದು ಮುಚ್ಚುತ್ತಿರಲಿಲ್ಲ. ಒತ್ತಾಯ ಮಾಡಿದಷ್ಟೂ ಮಾತು ದೂರ ಹೋಗುತ್ತಿತ್ತು. ಈ ಮಗುವಿನ ಬಾಯಿ ಮಾತಿಗೆ ಆಗಿಬರುವುದಿಲ್ಲ ಎಂದು ನನಗೆ ಬೇಗನೆ ತಿಳಿಯಿತು. ತಿಳಿದದ್ದನ್ನು ಗಂಗವ್ವನಿಗೆ ಹೇಳುವ ಧೈರ್ಯ ಬರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಗೌಡರ ಮನೆಯಲ್ಲೇ ಇದ್ದೆ. ಏಳು ವರ್ಷದ ಹುಡುಗನನ್ನು ಗಂಗವ್ವ ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆಯಲ್ಲಿ ಗಂಜಿ ಹೊಯ್ಯುತ್ತಿದ್ದಳು. ಅವನು ಗೊರಗೊರ ಎನ್ನುತ್ತ ಕೆಮ್ಮುತ್ತಿದ್ದ, ಕಣ್ಣಲ್ಲಿ ನೀರು. ಆ ಮನೆಯಲ್ಲಿ ಹಲ್ಲು ಬಂದು ಸ್ವಂತ ಕೈಯಿಂದ ಉಣ್ಣುವ ತನಕ ಮಗುವಿಗೆ ಒಳಲೆ ತಪ್ಪಿಸುತ್ತಿರಲಿಲ್ಲ. ಇವನು ಸ್ವಂತ ಕೈಯಿಂದ ಉಣ್ಣಲಿಲ್ಲ, ಒಳಲೆಯೂ ತಪ್ಪಲಿಲ್ಲ. ಪ್ರತಿ ಚಳಿಗಾಲ ಎದೆಗೆ ಕಫ ಕಟ್ಟಿ ಸಾಯುವ ಹಾಗಾಗುತ್ತಾನೆ ಎಂದು ಅವಳೇ ಹೇಳಿದಳು.

"ಗಂಗವ್ವಾ, ನೀ ಮಲಕೊಂಡು ನೀರು ಕುಡೀತಿಯೇನು?" ಎಂದೆ.

"ಇಲ್ರಿ. ನೆತ್ತಿಗೇರ್ತದ."

"ಮತ್ತ ಅವಗ?"

ಅವಳು ಒಳಲೆ ಕೆಳಗಿಟ್ಟಳು. ಮರುವಾರ ಹೋದಾಗ, ಹೊಲಕ್ಕೆ ಗೊಬ್ಬರ ಹೊರುವಂಥ ಬಿದಿರಿನ ದೊಡ್ಡ ಹೆಡಿಗೆಯೊಂದನ್ನು ತೊಳೆದು, ಒಂದು ಬದಿ ಕತ್ತರಿಸಿ, ಒಳಗೆ ಹಳೆಯ ಕೌದಿಗಳನ್ನು ತುರುಕಿ, ಅದರಲ್ಲಿ ಮಗನನ್ನು ನೆಟ್ಟಗೆ ಕೂಡಿಸಿದ್ದಳು. ಬೆನ್ನಿಗೂ ಕತ್ತಿಗೂ ಆಸರೆ ಸಿಕ್ಕು ಕೈಕಾಲಿನ ಬಿಗಿ ಸ್ವಲ್ಪ ಸಡಿಲವಾಗಿತ್ತು. ಒಳಲೆ ಬಿಟ್ಟು ಚಮಚದಲ್ಲಿ ಮೆತ್ತಗಿನ ಅನ್ನ ತಿನಿಸಿದೆವು. ಬಾಳವ್ವ ಬಾಗಿಲಲ್ಲಿ ನಿಂತು, "ಅಬಬಾ, ನವಾಬ ಕುಂತಂಗ ಕುಂತಾನಲ್ಲ!" ಎಂದಳು. ಆ ಚಳಿಗಾಲ ಅವನಿಗೆ ಕಫ ಕಟ್ಟಲಿಲ್ಲ. ಆದರೂ ಮುದುಕಿಯ ಲೆಕ್ಕದಲ್ಲಿ ಅದು ಮಾತಿಗೆ ಸಮವಾಗಲಿಲ್ಲ.

ಇನ್ನು ಹೇಳುವುದು ಆ ಮನೆಯ ಒಂದು ಪದ್ಧತಿ. ಬಿತ್ತನೆಯಿಂದ ಹಿಡಿದು ಎತ್ತು ಕೊಳ್ಳುವ ತನಕ ಏನೇ ಮಾಡುವುದಿದ್ದರೂ ಅವರು ಊರ ವೀರಭದ್ರನ ಗುಡಿಯಲ್ಲಿ ಪ್ರಸಾದ ಕೇಳುತ್ತಿದ್ದರು. ಪೂಜಾರಿ ದೇವರ ಒದ್ದೆ ಮೈಗೆ ಎರಡೂ ಬದಿ ಹೂವು ಅಂಟಿಸುತ್ತಾನೆ. ಕೇಳಿಕೊಂಡು ಕಾಯಬೇಕು. ದೇವರ ಬಲಗಡೆಯ ಹೂವು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಕಾರ್ತಿಕದ ಒಂದು ರವಿವಾರ ನಾನು ಹೋದಾಗ ಮನೆಮಂದಿಯೆಲ್ಲ ಗುಡಿಯಲ್ಲಿದ್ದರು, ಹೊಸ ಎತ್ತಿನ ಜೋಡಿಯ ಬಗ್ಗೆ ಕೇಳುತ್ತಿದ್ದರು. ನಾನು ತಪ್ಪು ಕಡೆ ನೋಡುತ್ತ ನಿಂತಿದ್ದೆ. "ಅಕ್ಕೋರ, ದೇವರ ಬಲಗೈ ನೋಡ್ರಿ, ನಿಮ್ಮದಲ್ಲ" ಎಂದು ಬಾಳವ್ವ ಗದರಿದಳು. ಗಂಗವ್ವನ ಹೆಗಲ ಮೇಲಿದ್ದ ಈರಣ್ಣ ಮಾತ್ರ ಸರಿಯಾದ ಕಡೆ ಕಣ್ಣು ನೆಟ್ಟಿದ್ದ. ಹೂವು ಬಲಕ್ಕೆ ಬಿದ್ದಾಗ ಎಲ್ಲರಿಗಿಂತ ಮೊದಲು ಕೇಕೆ ಹಾಕಿದ.

"ಇವಗ ಇದು ಗೊತ್ತೈತಲ್ಲ ಗಂಗವ್ವಾ!" ಎಂದೆ.

"ಹುಟ್ಟಿದಾಗಿಂದ ನೋಡಾಕತ್ತಾನಲ್ರಿ, ಗೊತ್ತಿರದ ಏನು?" ಎಂದಳು ಅವಳು, ಅದೊಂದು ದೊಡ್ಡ ಸಂಗತಿಯೇ ಅಲ್ಲ ಎಂಬಂತೆ. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಬದಲಾಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮನೆ ಮುಟ್ಟುವ ತನಕ ತಾಳಲಾಗಲಿಲ್ಲ, ದಾರಿಯಲ್ಲೇ ಕಣಗಿಲೆ ಹೂವು ಹರಿದುಕೊಂಡೆವು.

ಹೆಡಿಗೆಯ ಅಂಚಿಗೆ, ಅವನ ಬಲಕ್ಕೊಂದು ಎಡಕ್ಕೊಂದು ಹೂವು ಸಿಕ್ಕಿಸಿದಳು ಗಂಗವ್ವ. ಬಾಳೆಹಣ್ಣು ಕಿವುಚಿ ತಂದು ತಿನಿಸುತ್ತ, "ಈರಣ್ಣಾ, ಇನ್ನೊಂದು ತುತ್ತು ಕೊಡಲೇನು? ಬೇಕಂದ್ರ ಬಲಕ್ಕ ನೋಡು, ಬ್ಯಾಡಂದ್ರ ಎಡಕ್ಕ" ಎಂದಳು. ಅವನು ಬಲಕ್ಕೆ ನೋಡಿದ. ಕೊಟ್ಟಳು. ಮತ್ತೆ ಕೇಳಿದಳು, ಮತ್ತೆ ಬಲ. ಮುಂದಿನ ತುತ್ತಿಗೆ ಅವನ ಕಣ್ಣು ಎಡಕ್ಕೆ ಹೊರಳಿ ಅಲ್ಲೇ ನಿಂತಿತು.

"ಬ್ಯಾಡ ಅಂದನ್ರಿ ಅಕ್ಕೋರ! ನನ್ನ ಮಗ ಬ್ಯಾಡ ಅಂದ!" ಎಂದು ಅವಳು ಅತ್ತುಬಿಟ್ಟಳು. "ಇಷ್ಟು ವರ್ಷ ಸಾಕಾದ ಮ್ಯಾಲೂ ತುರುಕೀನೇನೋ ನಾನು? ಹೇಳಾಕ ಬಾಯಿಲ್ಲದ ನುಂಗ್ಯಾನೇನೋ!"

ಮಕ್ಕಳು ಮೊದಲು "ಅವ್ವಾ" ಅನ್ನುತ್ತಾರೆ, "ಅಪ್ಪಾ" ಅನ್ನುತ್ತಾರೆ. ಈರಣ್ಣನ ಮೊದಲ ಮಾತು "ಬ್ಯಾಡ". ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ, ಬೇಕು ಅನ್ನುವುದನ್ನು ಮಗು ಹೇಗೋ ತಿಳಿಸುತ್ತದೆ, ಅತ್ತಾದರೂ ತಿಳಿಸುತ್ತದೆ. ಬೇಡ ಅನ್ನುವ ದಾರಿಯನ್ನು ಮೊದಲು ಮಾಡಿಕೊಡಿ. ಮತ್ತೆ, ಬಲ ಎಡ ನೋಡುವಾಗ ಅವನ ಬಲ ನೋಡಿ, ನಿಮ್ಮದಲ್ಲ.

ಸಂಕ್ರಾಂತಿಯ ಹೊತ್ತಿಗೆ ಶಾಲೆ ತಪಾಸಣೆಗೆ ಡೆಪ್ಯೂಟಿ ಸಾಹೇಬರು ಬಂದರು, ಇಡೀ ಸೀಮೆಯ ಶಾಲೆಗಳ ಮೇಲಿನ ಅಧಿಕಾರಿ. ನಶ್ಯದ ಡಬ್ಬಿ ಕೈಬಿಡದ ಮನುಷ್ಯ, ಸಿಡುಕ, ಆದರೆ ಮೋಸವಿಲ್ಲದವರು. ಈರಣ್ಣನ ಹೆಸರನ್ನು ಶಾಲೆಗೆ ಹಚ್ಚಿಕೊಳ್ಳಲು ಅಪ್ಪಣೆ ಕೇಳಿ ಅವರನ್ನು ಗೌಡರ ಮನೆಗೆ ಕರೆದೊಯ್ದೆ. ಅವರು ಹುಡುಗನನ್ನು ಹೆಡಿಗೆ ಸಮೇತ ನೋಡಿ, ನನ್ನ ಪ್ರಶ್ನೆಗಳಿಗೆ ಅವನ ಕಣ್ಣು ಹೊರಳುವುದನ್ನು ನೋಡಿ, ತಲೆ ಅಲ್ಲಾಡಿಸಿದರು.

"ಬಾಯೀ, ನಿಮಗ ಬೇಕಾದ ಉತ್ತರಾನ ನೀವು ಅವನ ಕಣ್ಣಾಗ ಓದಾಕತ್ತೀರಿ. ಯಾವಾಗ ಕೇಳಿದ್ರೂ ಹೌದು ಬರೂವಂಥಾ ಪ್ರಶ್ನೆನ ಕೇಳ್ತೀರಿ. ತಿರುವಿ ಕೇಳ್ರಿ ನೋಡೋಣು."

ನನಗೆ ಕೋಪ ಬಂತು, ಆದರೆ ಮಾತು ಖರೆ ಇತ್ತು. ಅವರೇ ಕೊಟ್ಟಿಗೆಯ ಕಡೆ ಕೈ ಮಾಡಿ, "ಏನಪಾ, ಅದು ಆಕಳೇನು?" ಎಂದರು. ಕಣ್ಣು ಎಡಕ್ಕೆ. "ಎತ್ತೇನು?" ಬಲಕ್ಕೆ. "ಅದರ ಬಣ್ಣ ಕರಿದೇನು?" ಎಡಕ್ಕೆ. "ಬಿಳಿದೇನು?" ಬಲಕ್ಕೆ. ಸಾಹೇಬರು ನಶ್ಯ ಏರಿಸುವುದನ್ನು ಮರೆತು ಚಿಟಿಕೆ ಹಿಡಿದುಕೊಂಡೇ ನಿಂತರು. ಅಂದಿನಿಂದ ಪ್ರತಿ ಪ್ರಶ್ನೆಯನ್ನೂ ತಿರುವಿ ಇನ್ನೊಮ್ಮೆ ಕೇಳುವುದು ನನ್ನ ಪದ್ಧತಿಯಾಯಿತು.

"ಹುಡುಗ ಶಾಣ್ಯಾ ಅದಾನ" ಎಂದರು ಅವರು. "ಆದ್ರ ಹೆಸರು ಹಚ್ಚಾಕ ಬರೂದಿಲ್ಲ. ನಮ್ಮ ಖಾತೆಯ ಕಾಯದೇದಾಗ ಮಾತು ಅಂದ್ರ ಬಾಯಿಲೆ ಆಡೂದು. ಇದು ಮಾತಲ್ಲ."

ಒಳಗಿಂದ ಚಹಾ ತರುತ್ತಿದ್ದ ಬಾಳವ್ವ ಕೊನೆಯ ಎರಡು ಶಬ್ದ ಮಾತ್ರ ಕೇಳಿಸಿಕೊಂಡಳು ಎಂದುಕೊಂಡೆ. ಸಾಹೇಬರು ಹೋದ ಮೇಲೆ ನನಗೆ, "ದೊಡ್ಡವರ ಇದು ಮಾತಲ್ಲ ಅಂದ್ರು. ಇನ್ನ ನೀವು ದಣೀಬ್ಯಾಡ್ರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಯುಗಾದಿ ಬಂತು, ಹೋಯಿತು. ಈರಣ್ಣ "ಅವ್ವಾ" ಎನ್ನಲಿಲ್ಲ. ಮುಂದಿನ ಸೋಮವಾರ ಮಗನ ಎರಡನೆಯ ಮದುವೆಗೆ ಪ್ರಸಾದ ಕೇಳುವುದೆಂದು ಬಾಳವ್ವ ಗೊತ್ತು ಮಾಡಿದಳು. ಗಂಗವ್ವ ನನಗೆ ಹೇಳಿ ಕಳಿಸಿದಳು, ರಜೆ ಹಾಕಿ ಹೋದೆ. ಅವಳು ತನ್ನ ಸೀರೆಗಳನ್ನು ಆಗಲೇ ಗಂಟು ಕಟ್ಟಿಟ್ಟಿದ್ದಳು. ಅವಳ ಗಂಡ ಫಕ್ಕೀರಗೌಡನನ್ನು ಪಡಸಾಲೆಯಲ್ಲಿ ತಡೆದು, "ನಿಮಗ ಏನ್ ಅನಸ್ತೈತ್ರಿ?" ಎಂದು ಕೇಳಿದೆ. "ಅವ್ವ ಹೇಳಿದಂಗ್ರೀ" ಎಂದು ಅವನು ನೆಲ ನೋಡಿದ. ಬಾಯಿದ್ದವರ ಮಾತು ಇಷ್ಟು!

ಗುಡಿಯಲ್ಲಿ ಹೆಡಿಗೆಯನ್ನು ಕಂಬಕ್ಕೆ ಆನಿಸಿ ಇಟ್ಟಿದ್ದೆವು. ಪೂಜಾರಿ ಹೂವು ಅಂಟಿಸಿದ. ಬಾಳವ್ವ ಕೈ ಮುಗಿದು, "ಅಪ್ಪಾ ವೀರಭದ್ರಾ, ಮಗಗ ಎರಡನೇ ಲಗ್ನ ಮಾಡಲೇನು? ಬಲಕ್ಕ ಕೊಡು" ಎಂದಳು. ಕಾದೆವು. ಹೂವು ಬೀಳಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಆದರೂ ಬೀಳಲಿಲ್ಲ. ಕಾದು ಬೇಸತ್ತ ಮುದುಕಿ ಹಿಂದೆ ತಿರುಗಿದಳು. ಈರಣ್ಣ ದೇವರನ್ನು ನೋಡುತ್ತಿರಲಿಲ್ಲ. ಕತ್ತು ನಡುಗುತ್ತಿತ್ತು, ಕಣ್ಣು ಕಿತ್ತು ಬರುವಂತೆ ತನ್ನ ಎಡಕ್ಕೆ ನೆಟ್ಟಿದ್ದ.

"ಯಾಕೋ? ಏನ್ ಬ್ಯಾಡ?" ಎಂದಳು ಬಾಳವ್ವ. ಆಮೇಲೆ ಅವಳು ಮೆಲ್ಲಗೆ ಅವನ ಮುಂದೆ ಕುಕ್ಕರಿಸಿ ಕೂತಳು. ಡೆಪ್ಯೂಟಿ ಸಾಹೇಬರು ಕೇಳಿದ್ದನ್ನು ಆಕೆಯೂ ಅಂದು ಬಾಗಿಲ ಹಿಂದೆ ನಿಂತು ನೋಡಿದ್ದಳು ಎಂದು ಅವಳು ಮುಂದೆ ಕೇಳಿದ ರೀತಿಯಿಂದಲೇ ನನಗೆ ತಿಳಿಯಿತು.

"ನಿಮ್ಮವ್ವ ತವರಿಗೆ ಹೋಗ್ಲೇನೋ?"

ಕಣ್ಣು ಎಡ ಬಿಟ್ಟು ಕದಲಲಿಲ್ಲ.

ಮುದುಕಿ ತಿರುವಿ ಕೇಳಿದಳು. "ನಿಮ್ಮವ್ವ ಮನ್ಯಾಗ ಇರಬೇಕೇನೋ?"

ಅವನ ಕಣ್ಣು ಅಷ್ಟು ದೂರದ ಎಡದಿಂದ ಬಲಕ್ಕೆ ಬಂತು. ಬಂದು ನಿಂತಿತು. ಗಂಗವ್ವ ಕಂಬ ಹಿಡಿದುಕೊಂಡಳು. ಆಗಲೇ ಹಿಂದೆ ಪೂಜಾರಿ ಕೂಗಿದ, "ಬಲಕ್ಕ ಕೊಟ್ಟ ನೋಡ್ರಿ! ದೇವರು ಬಲಕ್ಕ ಕೊಟ್ಟ! ಲಗ್ನಾ ಮಾಡ್ರಿ!"

ಬಾಳವ್ವ ಮೊಣಕಾಲು ಹಿಡಿದುಕೊಂಡು ಎದ್ದಳು.

"ಯಾವ ಮಾತಿಗೆ ಕೊಟ್ಟನೋ ಪೂಜಾರಿ?"

"ನೀವ ಕೇಳಿದ್ರಲ್ರೀ ಯವ್ವಾ, ಲಗ್ನದ ಮಾತಿಗೆ."

"ಅದಕ್ಕ ಕೊಡೂದಿದ್ರ ಮುಂಜಾನೆನ ಕೊಡ್ತಿದ್ದ. ಕಡೀಕ ನಾ ಕೇಳಿದ್ದು ಏನು? ಸೊಸಿ ಮನ್ಯಾಗ ಇರಬೇಕೇನು ಅಂತ ಕೇಳೇನಿ. ಆ ಮಾತು ಬಾಯಿಂದ ಬಿದ್ದ ಕೂಡಲೇ ಹೂವು ಬಿತ್ತು. ಕಿವಿ ಎಲ್ಲಿ ಇಟ್ಟಿದ್ದಿ ನೀನು?" ಎಂದು ಹೂವು ಎತ್ತಿಕೊಂಡು ಗಂಗವ್ವನ ತುರುಬಿಗೆ ಸಿಕ್ಕಿಸಿದಳು. "ನಡಿ, ರೊಟ್ಟಿ ಬಡಿ. ಅಕ್ಕೋರು ಉಪಾಸ ಅದಾರ." ಫಕ್ಕೀರಗೌಡ ಹೆಡಿಗೆಯನ್ನು ಆಳಿಗೆ ಕೊಡದೆ ತಾನೇ ಹೊತ್ತುಕೊಂಡು ಮನೆಗೆ ನಡೆದ.

ಶಾಲೆಯಲ್ಲಿ ಈರಣ್ಣನ ಹೆಸರು ಕಡೆಗೂ ಹಚ್ಚಲಾಗಲಿಲ್ಲ. ಮನೆಯಲ್ಲೇ ಕಲಿಸಿದೆ. ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತ ಹೋದರೆ ಬೇಕಾದಲ್ಲಿ ಬಲಕ್ಕೆ ನೋಡಿ ಶಬ್ದ ಕಟ್ಟುವಷ್ಟು ಕಲಿತ. ಅವನ ಬಾಯಿಂದ "ಅವ್ವಾ" ಎಂಬ ಮಾತು ಯಾವತ್ತೂ ಬರಲಿಲ್ಲ.

ಯುದ್ಧ ಮುಗಿದು, ನನಗೆ ಮತ್ತೆ ವರ್ಗವಾಗುವ ಹೊತ್ತಿಗೆ ಬಾಳವ್ವ ಹಾಸಿಗೆ ಹಿಡಿದಿದ್ದಳು. ಹೇಳಿ ಹೋಗಲೆಂದು ಚಿಕ್ಕೇರೂರಿನ ಕಡೆ ಕೊನೆಯ ಸಲ ಚಕ್ಕಡಿ ಹತ್ತಿದೆ. ಅನ್ನ ನೀರು ಬಿಟ್ಟು ಮಲಗಿದ್ದಾಳೆ, ಯಾರು ಹೇಳಿದರೂ ಬಾಯಿ ತೆರೆಯುವುದಿಲ್ಲ ಎಂದು ಗಂಗವ್ವ ಕಣ್ಣೊರೆಸಿಕೊಂಡಳು. ಹೆಡಿಗೆ ಈಗ ಮುದುಕಿಯ ಹಾಸಿಗೆಯ ಪಕ್ಕದಲ್ಲೇ ಇತ್ತು. ಈರಣ್ಣನಿಗೆ ಮೀಸೆಯ ನೆರಳು ಬಂದಿತ್ತು.

ಬಾಳವ್ವ ನನ್ನನ್ನು ನೋಡಿ ಕೈ ಎತ್ತಿದಳು. ಆಮೇಲೆ ಮೊಮ್ಮಗನ ಕಡೆ ಹೊರಳಿ, "ಭಾಳ ದಣಿದೇನಿ. ನಾ ಹೋಗಿ ಬರ್ಲೇನೋ ಈರಣ್ಣಾ?" ಎಂದಳು.

ಅವನ ಕಣ್ಣು ಎಡಕ್ಕೆ ಹೋಯಿತು.

ಮುದುಕಿ ಅದನ್ನು ಬಹಳ ಹೊತ್ತು ನೋಡಿದಳು. ತಿರುವಿ ಕೇಳಲಿಲ್ಲ. ಸೊಸೆಯನ್ನು ಕರೆದಳು.

"ಗಂಗವ್ವಾ, ಒಂದೀಟು ಗಂಜಿ ತಾ. ಇವತ್ತ ಹೋಗೂದು ಬ್ಯಾಡಂತ."